ಕಡಲಿಲ್ಲದ ಊರಿನ ಉಪ್ಪು

ಉಪ್ಪು ಕಲ್ಲನ್ನು ಹೇಗೆ ತಿನ್ನುತ್ತದೆ ಎಂಬುದನ್ನು ನಾನು ಕಲಿತದ್ದು ಕೊಂಕಣದ ಒಂದು ಕಡಲ ಕೋಟೆಯಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿನ ಹಿರಿಯ ಸಂರಕ್ಷಕರು ನನ್ನನ್ನು ಸಮುದ್ರದ ಕಡೆಯ ಗೋಡೆಯ ಬುಡಕ್ಕೆ ಕರೆದೊಯ್ದು, ಇದರಲ್ಲಿ ಯಾವ ಕಲ್ಲು ಹೆಚ್ಚು ಕೆಟ್ಟಿದೆ ತೋರಿಸು ಎಂದರು. ದಿನವೂ ಅಲೆ ಬಡಿಯುವ ಕೆಳಗಿನ ಸಾಲೇ ಕೆಟ್ಟಿರಬೇಕೆಂದು ಬಗ್ಗಿ ನೋಡಿದೆ. ಆ ಕಲ್ಲುಗಳು ಪಾಚಿ ಹಿಡಿದು ಗಟ್ಟಿಯಾಗಿ ಕೂತಿದ್ದವು. ಕೆಟ್ಟಿದ್ದವು ಎರಡಾಳು ಮೇಲಿನವು. ಅಲೆ ಎಂದೂ ಮುಟ್ಟದ, ಬರೀ ತುಂತುರು ಬಂದು ಬಿದ್ದು ಗಾಳಿಗೆ ಆರುವ ಜಾಗ ಅದು. ಅಲ್ಲಿ ಕಲ್ಲು ಜೇನುಹುಟ್ಟಿನಂತೆ ತೂತುಬಿದ್ದು, ಬೆರಳು ತಾಗಿಸಿದರೆ ರವೆಯಂತೆ ಉದುರುತ್ತಿತ್ತು.

ನೀರಿನಲ್ಲಿ ಕರಗಿರುವ ತನಕ ಉಪ್ಪು ಕಲ್ಲಿಗೆ ಹೆಚ್ಚು ಕೇಡು ಮಾಡುವುದಿಲ್ಲ. ನೀರು ಆರಿದಾಗ ಅದು ಕಲ್ಲಿನ ಸಣ್ಣ ರಂಧ್ರಗಳೊಳಗೆ ಹರಳುಗಟ್ಟುತ್ತದೆ. ಹರಳು ಬೆಳೆಯಲು ಜಾಗ ಬೇಕು. ಇಲ್ಲದ ಜಾಗವನ್ನು ಅದು ಕಲ್ಲನ್ನು ಒಳಗಿನಿಂದ ತಳ್ಳಿ ಮಾಡಿಕೊಳ್ಳುತ್ತದೆ. ಮತ್ತೆ ತುಂತುರು, ಮತ್ತೆ ಗಾಳಿ. ಹೀಗೆ ವರ್ಷಗಟ್ಟಲೆ ನಡೆದು, ಒಂದು ದಿನ ಮೇಲಿನ ಪದರ ಪೂರಾ ಕಳಚಿಕೊಳ್ಳುತ್ತದೆ. ಕೋಟೆಯ ಕೆಲಸ ಮುಗಿಸಿ ನಾನು ವಿಜಯಪುರಕ್ಕೆ ಮರಳಿ, ಸೊಲ್ಲಾಪುರ ರಸ್ತೆಯಲ್ಲಿ ಒಂದು ಕೋಣೆ ಹಿಡಿದು ಸ್ವಂತ ಕೆಲಸ ಸುರುಮಾಡಿದಾಗ, ಇನ್ನು ಉಪ್ಪಿನ ಸಹವಾಸ ತಪ್ಪಿತು ಎಂದುಕೊಂಡಿದ್ದೆ. ಇಲ್ಲಿ ಕರಿಕಲ್ಲು, ಬಿಸಿಲು, ಒಣಗಾಳಿ. ಕಡಲಿನ ಮಾತೇ ಇಲ್ಲ.

ಚಳಿ ಸುರುವಾಗುವ ದಿನಗಳಲ್ಲಿ ಕಳ್ಳಕವಟಗಿಯಿಂದ ಒಬ್ಬ ದ್ರಾಕ್ಷಿ ಬೆಳೆಗಾರ ಫೋನು ಮಾಡಿದ. ಅವರ ಹೊಲದಲ್ಲಿ ಒಂದು ಹಳೆಯ ಗುಡಿ ಇದೆ, ಬಾಗಿಲಲ್ಲಿನ ಗೊಂಬೆ ಎರಡು ಮೂರು ವರ್ಷದಿಂದ ಉದುರುತ್ತಿದೆ, ಬಂದು ನೋಡಬೇಕು ಎಂದ. "ನಮ್ಮ ಅಪ್ಪ ಭಾಳ ಹಚಗೊಂಡಾನ್ರಿ ಅದನ್ನ. ಬ್ಯಾಗ ಬರ್ರಿ" ಎಂದೂ ಸೇರಿಸಿದ.

ತಿಕೋಟಾ ದಾಟಿ ಹೋದೆ. ಎರಡೂ ಕಡೆ ದ್ರಾಕ್ಷಿ ಹಂದರ, ನಡುವೆ ದ್ರಾಕ್ಷಿ ಒಣಗಿಸುವ ಉದ್ದನೆಯ ಶೆಡ್ಡುಗಳು. ಗುಡಿ ಹೊಲದ ಬದುವಿನ ಮೇಲಿತ್ತು. ಸಣ್ಣದು, ಒಂದು ಗರ್ಭಗುಡಿ, ಮುಂದೆ ನಾಲ್ಕು ಕಂಬದ ಪಡಸಾಲೆ. ಗೋಡೆಯೆಲ್ಲ ನಮ್ಮ ಕಡೆಯ ಗಟ್ಟಿ ಕರಿಕಲ್ಲು. ಬಾಗಿಲ ಚೌಕಟ್ಟು ಮಾತ್ರ ಬೇರೆ, ಎಲ್ಲಿಂದಲೋ ತಂದ ಹಸಿರು ಛಾಯೆಯ ಮೆತ್ತನೆ ಕಲ್ಲು. ನಯವಾಗಿ ಕೆತ್ತಲು ಬರುತ್ತದೆಂದು ಹಿಂದಿನವರು ಅದನ್ನು ಆರಿಸಿದ್ದರು. ಚೌಕಟ್ಟಿನ ಎಡಬಲಕ್ಕೆ ಚಾಮರ ಹಿಡಿದ ಒಬ್ಬೊಬ್ಬ ಹೆಣ್ಣು, ಮೊಣಕಾಲೆತ್ತರದವರು. ಎಡಗಡೆಯವಳು ಹೊಸಬಳಂತಿದ್ದಳು, ಬಳೆಯ ಗೆರೆ ಕೂಡ ಎಣಿಸಬಹುದಿತ್ತು. ಬಲಗಡೆಯವಳ ಕಾಲು ಆಗಲೇ ಹೋಗಿತ್ತು. ಸೀರೆಯ ನೆರಿಗೆ ಪುಡಿಯಾಗಿತ್ತು. ಮುಖ ಇನ್ನೂ ಇತ್ತು. ದುಂಡು ಮುಖ, ಸ್ವಲ್ಪ ಓರೆ ಮಾಡಿದ ಕುತ್ತಿಗೆ, ಏನೋ ಕೇಳಿಸಿಕೊಂಡು ನಗು ತಡೆಹಿಡಿದವಳ ತುಟಿ. ಕೆನ್ನೆಯ ಮೇಲೆ ಹಿಟ್ಟು ಸವರಿದಂತೆ ಬಿಳುಪು.

ಆ ಬಿಳುಪನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ತಾಗಿಸಿದೆ. ಕೋಟೆಯಲ್ಲಿ ಕಲಿತ ಅಭ್ಯಾಸ. ಉಪ್ಪು.

ಆ ದಿನ ಇಡೀ ಚೌಕಟ್ಟಿನ ಫೋಟೋ ತೆಗೆದೆ, ಓರೆ ಬೆಳಕಿನಲ್ಲಿ, ನೇರ ಬೆಳಕಿನಲ್ಲಿ. ಉಪ್ಪು ಎಲ್ಲಿಂದ ಬಂತೆಂದು ಹುಡುಕಲು ಸುರುಮಾಡಿದೆ. ಗುಡಿಯಲ್ಲಿ ಯಾವತ್ತಾದರೂ ಗೊಬ್ಬರದ ಚೀಲ ಇಟ್ಟಿದ್ದರೇ ಎಂದು ಕೇಳಿದೆ. ಇಟ್ಟಿರಲಿಲ್ಲ. ಮೇಲ್ಛಾವಣಿ ಸೋರುತ್ತದೆಯೇ ಎಂದು ಹತ್ತಿ ನೋಡಿದೆ. ಸೋರುತ್ತಿರಲಿಲ್ಲ. ಸಿಮೆಂಟು ಮೆತ್ತಿದ್ದರೆ ಅದರಿಂದಲೂ ಉಪ್ಪು ಇಳಿಯುತ್ತದೆ, ಅದೂ ಇರಲಿಲ್ಲ. ಕಾಲುವೆ ನೀರು ಬಂದ ಮೇಲೆ ಹೊಲದ ತೇವ ಅಡಿಪಾಯಕ್ಕೆ ಏರಿರಬಹುದೆಂದು ಬುಡದಲ್ಲಿ ಸಣ್ಣ ಗುಂಡಿ ತೋಡಿಸಿದೆ. ಮಣ್ಣು ಒಣಗಿತ್ತು. ಯಾವ ಕಾರಣ ಹಿಡಿದರೂ ಒಂದು ಪ್ರಶ್ನೆ ಉಳಿಯುತ್ತಿತ್ತು. ಎರಡೂ ಗೊಂಬೆಗಳದ್ದು ಅದೇ ಕಲ್ಲು, ಅದೇ ಬಾಗಿಲು, ಅದೇ ಗಾಳಿ. ಹಾಗಿದ್ದ ಮೇಲೆ ಒಬ್ಬಳು ಮಾತ್ರ ಯಾಕೆ ಕೆಡಬೇಕು?

ಫೋನು ಮಾಡಿದವನ ತಂದೆ ನಾನು ಕೆಲಸ ಮಾಡುವಾಗ ಪಡಸಾಲೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಬಿಳಿ ಧೋತರ, ತಲೆಗೆ ಟೋಪಿ, ಮಾತು ಕಡಿಮೆ. ನಾನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು, ಹೊರಗಿನ ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ ಕರೆಯುವಂತೆ, ಬಾಯಾರ ಎನ್ನುತ್ತಿದ್ದರು. ಮೊದಲ ದಿನವೇ ಕೇಳಿದ್ದರು: "ಮಾರಿ ಉಳಿತದೇನ್ರಿ ಬಾಯಾರ?" ನಮ್ಮ ಕಡೆ ಮುಖಕ್ಕೆ ಮಾರಿ ಎನ್ನುತ್ತಾರೆ. ನೋಡೋಣ್ರಿ ಎಂದಿದ್ದೆ. ಈ ಕೆಲಸದಲ್ಲಿ ಅದಕ್ಕಿಂತ ಹೆಚ್ಚಿನ ಉತ್ತರ ಮೊದಲ ದಿನ ಕೊಡಲು ಬರುವುದಿಲ್ಲ.

ಅವರ ಸೊಸೆ ಊಟಕ್ಕೆ ಕರೆದು, ರೊಟ್ಟಿ ಬಡಿಯುತ್ತ ಉಳಿದದ್ದನ್ನು ಹೇಳಿದಳು. ಕಾಕಾಗೆ ಒಬ್ಬಳು ಮಗಳಿದ್ದಳು. ಸಣ್ಣವಳಿದ್ದಾಗಿನಿಂದ ಊರವರು, ಇವಳು ಗುಡಿ ಬಾಗಿಲ ಗೊಂಬೆಯ ಹಾಗೇ ಇದ್ದಾಳೆ ಎನ್ನುತ್ತಿದ್ದರಂತೆ. ಅದೇ ದುಂಡು ಮುಖ, ಅದೇ ಓರೆ ಕುತ್ತಿಗೆ. ಅವಳೂ ಬೇಕೆಂದೇ ಅದರ ಪಕ್ಕದಲ್ಲಿ ಹಾಗೆ ನಿಂತು ಎಲ್ಲರನ್ನೂ ನಗಿಸುತ್ತಿದ್ದಳು. ಬಬಲೇಶ್ವರಕ್ಕೆ ಮದುವೆ ಮಾಡಿಕೊಟ್ಟರು.

"ಜ್ವರಾ ಅಂತ ದವಾಖಾನಿಗಿ ಹೋದಾಕಿ ತಿರುಗಿ ಬರಲಿಲ್ರಿ ಅಕ್ಕಾರ" ಎಂದಳು ಸೊಸೆ. "ಮೂರು ವರ್ಷಾತು. ಆವಾಗಿಂದ ಮಾವಾರು ಗುಡಿ ಬಿಟ್ಟು ಎಲ್ಲೂ ಹೋಗಂಗಿಲ್ಲ. ಮನ್ಯಾಗ ಆಕಿ ಹೆಸರ ಎತ್ತಂಗಿಲ್ಲ."

ಮೂರು ವರ್ಷ ಎಂದಾಗಲೂ ನನಗೆ ಹೊಳೆಯಲಿಲ್ಲ. ಹೊಳೆದದ್ದು ನಸುಕಿನ ಬೆಳಕಿನಲ್ಲಿ ಫೋಟೋ ಬೇಕೆಂದು ಒಂದು ಮುಂಜಾನೆ ಬೇಗ ಹೋದಾಗ. ನಾನು ಬಂದದ್ದು ಕಾಕಾಗೆ ತಿಳಿಯಲಿಲ್ಲ. ಅವರು ಬೋರಿನಿಂದ ಹಿತ್ತಾಳೆ ಕೊಡದಲ್ಲಿ ನೀರು ತಂದರು. ಲಿಂಗಕ್ಕೆ ಒಂದು ತಂಬಿಗೆ ಹಾಕಿದರು. ಆಮೇಲೆ ಬಾಗಿಲ ಬಲಕ್ಕೆ ಕುಕ್ಕರುಗಾಲಲ್ಲಿ ಕೂತು, ಹೆಗಲ ಮೇಲಿನ ಮೆತ್ತನೆ ಅರಿವೆಯನ್ನು ನೀರಲ್ಲಿ ಅದ್ದಿ ಆ ಗೊಂಬೆಯ ಹಣೆ, ಕೆನ್ನೆ, ಕುತ್ತಿಗೆ ಒರೆಸಿದರು. ತಂಬಿಗೆಯಿಂದ ಹೆಗಲ ಮೇಲೆ ನೀರು ಇಳಿಬಿಟ್ಟರು. ಶಾಲೆಗೆ ಹೊರಟ ಮಗುವಿಗೆ ಮುಖ ತೊಳೆಸುವವರ ಕೈಯ ಹಾಗಿತ್ತು ಅವರ ಕೈ. ಎಡಗಡೆಯ ಗೊಂಬೆಯ ಕಡೆ ನೋಡಲೂ ಇಲ್ಲ.

ನಾನು ಹಂದರದ ಮರೆಗೆ ಸರಿದು ನಿಂತೆ. ಕಾರಣ ಸಿಕ್ಕಿತ್ತು. ಕಾರಣ ಸಿಕ್ಕಾಗ ಆಗುವ ಸಮಾಧಾನ ಆಗಲಿಲ್ಲ.

ಮೊದಲು ಆ ಮನೆಯವರಿಗೆ ತೆರೆದ ಬಾವಿ ಇತ್ತು, ಸಿಹಿ ನೀರು. ಅದು ಬತ್ತಿದ ಮೇಲೆ ಬೋರು ಹಾಕಿಸಿದ್ದರು. ಆಳದ ನೀರು ಸವುಳು. ಪಾತ್ರೆಗೆಲ್ಲ ಬಿಳಿ ಕಲೆ ಹಿಡಿಯುತ್ತಿತ್ತು. ಆ ನೀರು ದಿನಾ ಮುಂಜಾನೆ ಮೆತ್ತನೆ ಕಲ್ಲಿಗೆ ಇಳಿಯುತ್ತಿತ್ತು, ಮಧ್ಯಾಹ್ನದ ಗಾಳಿಗೆ ಆರುತ್ತಿತ್ತು. ಕಡಲ ಗೋಡೆಯಲ್ಲಿ ತುಂತುರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಬ್ಬ ತಂದೆಯ ಕೈ ಮಾಡುತ್ತಿತ್ತು.

ಹೇಳುವುದು ಹೇಗೆ ಎಂದು ಕೆಲವು ದಿನ ಒದ್ದಾಡಿದೆ. ಮಗನಿಗೆ ಹೇಳಿ, ಅವನಿಂದ ಹೇಳಿಸಬಹುದಿತ್ತು. ಬೇರೆ ಏನಾದರೂ ನೆಪ ಹೇಳಿ ಗುಡಿಗೆ ನೀರು ತರುವುದನ್ನು ನಿಲ್ಲಿಸಬಹುದಿತ್ತು. ಆದರೆ ದಿನವೂ ಆ ಕಲ್ಲಿನ ಬಳಿ ಇರುವವರು ಅವರೇ. ಕಾರಣ ಗೊತ್ತಿಲ್ಲದೆ ನಿಲ್ಲಿಸಿದವರು ಒಂದು ದಿನ ಮತ್ತೆ ಸುರುಮಾಡುತ್ತಾರೆ. ಅವರಿಗೇ ಹೇಳಬೇಕು ಎಂದು ನಿಶ್ಚಯಿಸಿದೆ.

ಎರಡು ಗಾಜಿನ ಲೋಟ ತಗೊಂಡು ಹೋದೆ. ಒಂದರಲ್ಲಿ ಅವರ ಬೋರಿನ ನೀರು, ಇನ್ನೊಂದರಲ್ಲಿ ಸೊಲ್ಲಾಪುರ ರಸ್ತೆಯ ಬ್ಯಾಟರಿ ಅಂಗಡಿಯಿಂದ ತಂದ ಡಿಸ್ಟಿಲ್ಡ್ ನೀರು. ಎರಡಕ್ಕೂ ಸಿಲ್ವರ್ ನೈಟ್ರೇಟಿನ ಒಂದೊಂದು ಹನಿ ಬಿಟ್ಟೆ. ಬ್ಯಾಟರಿ ನೀರು ಹಾಗೇ ತಿಳಿಯಾಗಿ ಉಳಿಯಿತು. ಬೋರಿನ ನೀರು ಬೆಳ್ಳಗಾಯಿತು.

"ಹಾಲಾತಲ್ರಿ" ಎಂದರು ಕಾಕಾ.

"ಅದು ನೀರಾಗಿನ ಉಪ್ಪು ಕಾಕಾ. ನಾ ಹಾಕಿದ ಔಷಧ ಅದನ್ನ ತೋರಿಸ್ತದ, ಅಷ್ಟ."

"ಸವುಳು ಅದ, ಖರೆ. ಒಮ್ಮೊಮ್ಮೆ ದನಾನೂ ಒಲ್ಲೆ ಅಂತಾವ." ಲೋಟವನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿದರು. ಆಮೇಲೆ ನಾನು ಹೇಳಬೇಕಾದದ್ದನ್ನು ಅವರೇ ಕೇಳಿದರು. "ನಾ ದಿನಾ ಇದನ್ನ ಹಾಕೇನಿ. ಇದ ತಿಂತೇನ್ರಿ ಆಕಿನ್ನ?"

"ಹೌದ್ರಿ ಕಾಕಾ."

"ಎಡಗಡೆದಕ್ಕ ಹಾಕಿಲ್ಲ. ಅದಕ್ಕ ಅದು ಉಳದದ."

"ಹೌದ್ರಿ. ನಿಮಗ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಂಗಿಲ್ಲ ಇದು."

ಅವರು ಬೆಳ್ಳಗಾದ ಲೋಟವನ್ನು ದೂರ ಸರಿಸಿದರು. ಮುಂದೆ ಮಾಡಬೇಕಾದದ್ದನ್ನು ನಾನು ನಿಧಾನವಾಗಿ ಹೇಳಿದೆ. ಬೋರಿನ ನೀರು ಇವತ್ತಿಗೇ ನಿಲ್ಲಲಿ. ಆದರೆ ಕಲ್ಲು ಒಮ್ಮೆಲೇ ಒಣಗಬಾರದು; ಒಣಗಿದರೆ ಒಳಗಿರುವ ಉಪ್ಪೆಲ್ಲ ಹರಳಾಗಿ ಮುಖವನ್ನು ತಳ್ಳುತ್ತದೆ. ಉಪ್ಪು ಹೀರುವ ಲೇಪದ ಸಾಮಾನು ತರಲು ನನಗೆ ಒಂದೆರಡು ವಾರ ಬೇಕು. ಅಲ್ಲಿಯ ತನಕ ನಾನು ತಂದ ಈ ಬಿಳಿ ಅರಿವೆಯನ್ನು ಬ್ಯಾಟರಿ ನೀರಿನಲ್ಲಿ ತೊಯ್ಸಿ ಗೊಂಬೆಗೆ ಹೊಚ್ಚಿಡಬೇಕು, ಆರಿದಂತೆಲ್ಲ ಮತ್ತೆ ತೊಯ್ಸಬೇಕು. ನೀರಿನ ಕ್ಯಾನುಗಳನ್ನು ಪಡಸಾಲೆಯಲ್ಲಿ ಇಟ್ಟೆ. ಕಾಕಾ ತಲೆ ಆಡಿಸಿದರು. ನಾನು ಹೊರಟಾಗ ಅವರು ಎದ್ದು ಬಂದು ಕಳಿಸಲಿಲ್ಲ. ಅದನ್ನು ಗಮನಿಸಿದೆ, ಆದರೆ ಅದರ ಅರ್ಥ ಆಗಲಿಲ್ಲ.

ಲೇಪಕ್ಕೆ ಬೇಕಾದ ಕಾಗದದ ತಿರುಳು ಬೇಗ ಸಿಕ್ಕಿತು. ಉಪ್ಪಿಲ್ಲದ ಜೇಡಿಮಣ್ಣು ಮಾತ್ರ ಹೊರಗಿನಿಂದ ಬರಬೇಕಿತ್ತು, ತಡವಾಯಿತು. ಅಷ್ಟರಲ್ಲಿ ಶಿವರಾತ್ರಿ ಹತ್ತಿರ ಬಂದು ಗಾಳಿ ಬದಲಾಯಿತು. ನಮ್ಮ ಕಡೆ ಆ ಒಣಗಾಳಿಗೆ ಕಾಯುತ್ತಾರೆ. ಅದು ಬೀಸಿದರೆ ಶೆಡ್ಡಿನಲ್ಲಿ ಹರವಿದ ದ್ರಾಕ್ಷಿ ಚೆನ್ನಾಗಿ ಒಣಗುತ್ತದೆ. ನಾನು ಫೋನು ಮಾಡಿದಾಗಲೆಲ್ಲ ಮಗ ಶೆಡ್ಡಿನ ಗಡಿಬಿಡಿಯಲ್ಲಿರುತ್ತಿದ್ದ, "ಅಪ್ಪ ಅದಾನಲ್ರಿ ಗುಡಿ ಕಡೆ" ಎನ್ನುತ್ತಿದ್ದ.

ಸಾಮಾನು ತಗೊಂಡು ಹೋದ ದಿನ ಪಡಸಾಲೆಯಲ್ಲಿ ಕಾಕಾ ಇರಲಿಲ್ಲ. ಕ್ಯಾನುಗಳು ಇಟ್ಟಲ್ಲೇ ಇದ್ದವು, ಮುಚ್ಚಳದ ಸೀಲು ಹಾಗೇ ಇತ್ತು. ಬಿಳಿ ಅರಿವೆ ಮಡಚಿ ಅವುಗಳ ಮೇಲೆ ಇಟ್ಟಿತ್ತು. ಗೊಂಬೆಯ ಮುಖ ಇರಲಿಲ್ಲ. ಹಣೆಯಿಂದ ಗಲ್ಲದ ತನಕ ಒಂದು ಬಿಲ್ಲೆಯಾಗಿ ಕಳಚಿ ಹೋಗಿತ್ತು. ಅದರ ಜಾಗದಲ್ಲಿ ಹಸಿ ಗಾಯದಂಥ ತಿಳಿಹಸಿರು ಕಲ್ಲು, ಅದರ ಮೇಲೆ ಸೂಜಿಯಂಥ ಬಿಳಿ ಹರಳುಗಳು.

ಸೊಸೆ ಓಡಿ ಬಂದಳು. ಕೈಯಲ್ಲಿ ಒಂದು ತಾಟು, ಅದರ ಮೇಲೆ ಅರಿವೆ ಮುಚ್ಚಿತ್ತು. ಬಿದ್ದ ಚೂರುಗಳನ್ನು ಆರಿಸಿ ಇಟ್ಟಿದ್ದಳು. ದೊಡ್ಡ ಚೂರಿನಲ್ಲಿ ಒಂದು ಕಣ್ಣು, ಅರ್ಧ ಮೂಗು ಇತ್ತು. ಉಳಿದದ್ದು ಪುಡಿ.

"ನೀವು ಹೋದ ಮರುದಿನದಿಂದ ಮಾವಾರು ಗುಡಿಗಿ ಬರೂದ ಬಿಟ್ಟಾರ್ರಿ" ಎಂದಳು. "ನೀರು ಮುಟ್ಟಾಕ ಒಲ್ರು. ನಾ ಹಾಕ್ತೀನಿ ಅಂದ್ರ, ಯಾರೂ ಹಾಕಬ್ಯಾಡ್ರಿ, ಹಾಕಿದ್ದು ಸಾಕು ಅಂದ್ರು. ನನಗೂ ತಿಳೀಲಿಲ್ರಿ ಅಕ್ಕಾರ."

ನಾನು ಹೊಸ್ತಿಲ ಮೇಲೆ ಕೂತೆ. ಅವರ ನೀರೇ ಉಪ್ಪನ್ನು ಕಲ್ಲಿನೊಳಗೆ ಒಯ್ದಿತ್ತು. ದಿನಾ ಮುಂಜಾನೆ ಅದೇ ನೀರು ಆ ಉಪ್ಪನ್ನು ಮತ್ತೆ ಕರಗಿಸಿ, ಮುಖವನ್ನು ಅಷ್ಟಿಷ್ಟು ತಡೆದು ನಿಲ್ಲಿಸಿಯೂ ಇತ್ತು. ನೀರು ಹಾಕುವುದನ್ನು ಬಿಟ್ಟ ಕೂಡಲೇ ಮುಖ ಹೋಯಿತು. ನಾನು ಹೇಳಬೇಕಾದದ್ದನ್ನು ತಪ್ಪಿಲ್ಲದೆ ಹೇಳಿದ್ದೆ. ಆದರೆ ನಿಮ್ಮ ನೀರಿನಿಂದ ಹೀಗಾಯಿತು ಎಂಬ ಮಾತನ್ನು ಕೇಳಿದ ಮನುಷ್ಯನಿಗೆ ಅದರ ನಂತರದ ಯಾವ ಮಾತೂ ಕೇಳಿಸಿರಲಿಕ್ಕಿಲ್ಲ. ಅವರು ಮತ್ತೆ ತೊಯ್ದ ಅರಿವೆ ಹಿಡಿದು ಆ ಮುಖದ ಹತ್ತಿರ ಹೋಗಲಾರರು ಎಂದು ನಾನು ಊಹಿಸಬೇಕಿತ್ತು. ಕಲ್ಲಿನ ಲೆಕ್ಕವನ್ನು ಮಾತ್ರ ಹಾಕಿದ್ದೆ.

ಕೋಟೆಯ ಹಿರಿಯರಿಗೆ ಫೋನು ಮಾಡಿ ಫೋಟೋ ಕಳಿಸಿದೆ. ಅವರು ನೋಡಿ ಎರಡು ದಾರಿ ಹೇಳಿದರು. ಹೀಗೇ ಒಣಗಲು ಬಿಟ್ಟರೆ ಸದ್ಯಕ್ಕೆ ನಿಲ್ಲುತ್ತದೆ. ಮಳೆಗಾಲದ ಹಸಿಗೆ ಉಪ್ಪು ಮತ್ತೆ ಕರಗಿ, ಮುಂದಿನ ಚಳಿಗೆ ಮತ್ತೆ ಹರಳಾಗಿ, ಹೆಗಲು, ಕೈ, ಆಮೇಲೆ ಚೌಕಟ್ಟಿನ ಬಳ್ಳಿಯ ಕೆತ್ತನೆ ಎಲ್ಲ ವರ್ಷ ವರ್ಷ ಹೋಗುತ್ತದೆ. ಈಗಲೇ ಒದ್ದೆ ಮಾಡಿ ಲೇಪದಿಂದ ಉಪ್ಪು ಎಳೆದರೆ ಉಳಿದದ್ದು ಬದುಕಬಹುದು. ಆದರೆ ಸಡಿಲಾದ ಕಲ್ಲು ಲೇಪದ ಜೊತೆಗೇ ಬಂದುಬಿಡಲೂಬಹುದು. ನೀನು ಅಲ್ಲಿದ್ದೀ, ನೀನೇ ನಿರ್ಧಾರ ಮಾಡು ಎಂದರು.

ಲೇಪ ಹಾಕುವುದೆಂದು ತೀರ್ಮಾನಿಸಿದೆ. ಅದಕ್ಕೆ ಇನ್ನೊಂದು ತೊಡಕಿತ್ತು. ಲೇಪ ಗಾಳಿಗೆ ಬೇಗ ಆರಬಾರದು, ನೆರಳಿನಲ್ಲಿ ಮೆಲ್ಲಗೆ ಆರಬೇಕು. ಅಂಚು ಬಿರಿದರೆ ಕೂಡಲೇ ತೇವ ಮಾಡಬೇಕು. ದಿನವಿಡೀ ಒಬ್ಬರು ಅಲ್ಲೇ ಇರಬೇಕು. ನನಗೆ ವಿಜಯಪುರದಿಂದ ದಿನಾ ಬರಲು ಆಗುತ್ತಿರಲಿಲ್ಲ, ಸಾರವಾಡದಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಮಗ, ಸೊಸೆ ಶೆಡ್ಡು ಬಿಟ್ಟು ಬರುವಂತಿರಲಿಲ್ಲ. ಆಳು ಇಟ್ಟರೆ ಅವನು ಕೂಲಿಯ ಹೊತ್ತು ಮುಗಿಸಿ ಹೋಗುತ್ತಾನೆ. ಆ ಜಾಗದಲ್ಲಿ ಮುಂಜಾನೆಯಿಂದ ಸಂಜೆ ತನಕ ಕೂರುವ ರೂಢಿ ಇದ್ದವರು ಒಬ್ಬರೇ.

ಕಾಕಾ ಮನೆಯ ಹಿಂದೆ ಹುಣಸಿ ಮರದ ಕೆಳಗೆ ಹೊರಸಿನ ಮೇಲೆ ಇದ್ದರು. ನನ್ನನ್ನು ನೋಡಿ ಎದ್ದು ಕೂತರು.

"ಬಿತ್ತಲ್ರಿ ಬಾಯಾರ" ಎಂದರು.

"ಬಿತ್ತ್ರಿ ಕಾಕಾ. ಮಾರಿ ಹೋತು. ಉಳದದ್ದನ್ನ ಉಳಸಬೇಕಂದ್ರ ನೀವು ಬರಬೇಕು."

"ಆ ಕೈಲೆ ಮತ್ತ ನೀರು ಹಾಕು ಅಂತೀರೇನು?"

"ಹೌದ್ರಿ. ಬ್ಯಾರೆ ನೀರು. ಹಾಕಲಿಲ್ಲಂದ್ರ ಉಳದದ್ದೂ ಬೀಳ್ತದ. ನನಗ ದಿನಾ ಬರಾಕ ಆಗಂಗಿಲ್ಲ. ಆಳಿಗೆ ಹೇಳಿದ್ರ ಆಂವ ಮಧ್ಯಾಹ್ನ ಮಲಕೊಂತಾನ."

"ಮತ್ತ ನನ್ನಿಂದನ ಏನಾರ ಹೋದ್ರ?"

ಹೋಗುವುದಿಲ್ಲ ಎಂದು ಹೇಳಲು ಬಾಯಿ ತೆರೆದವಳು ತಡೆದೆ. "ಹೋಗಬಹುದ್ರಿ. ನನ್ನ ಕೈಯಾಗೂ ಹೋಗಬಹುದು. ಕಲ್ಲು ಸಡಲಾಗ್ಯದ. ಹೋದ್ರ ಇಬ್ರೂ ಇದ್ದಾಗ ಹೋಗಲಿ."

ಅವರು ಮನೆಯ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಗುಡಿಗೆ ಹೋಗಿ ಒಬ್ಬಳೇ ತಿರುಳು ನೆನೆಹಾಕಲು ಕೂತೆ. ಬಿಸಿಲು ಇಳಿಯುವ ಹೊತ್ತಿಗೆ ಟೋಪಿ ಸರಿಮಾಡಿಕೊಳ್ಳುತ್ತ ಬಂದರು. ಕಟ್ಟೆಯ ಮೇಲೆ ಕೂರಲಿಲ್ಲ, ನನ್ನ ಪಕ್ಕದಲ್ಲಿ ನೆಲಕ್ಕೆ ಕೂತರು. "ಏನ ಮಾಡಬೇಕು ಹೇಳ್ರಿ" ಎಂದರು.

ಕಾಗದದ ತಿರುಳು, ಜೇಡಿಮಣ್ಣು, ಸ್ವಲ್ಪ ಸಣ್ಣ ಉಸುಕು. ಬ್ಯಾಟರಿ ನೀರಿನಲ್ಲಿ ಕಲಸಿ, ರೊಟ್ಟಿ ಹಿಟ್ಟಿಗಿಂತ ಮೆತ್ತಗೆ ನಾದಬೇಕು. ಗೊಂಬೆಗೆ ಮೊದಲು ತೆಳು ಕಾಗದ ಅಂಟಿಸಿ, ಅದರ ಮೇಲೆ ಬೆರಳಿನ ದಪ್ಪಕ್ಕೆ ಲೇಪ ಒತ್ತಬೇಕು. ನೀರು ಕಲ್ಲಿಗೆ ಇಳಿದು ಉಪ್ಪನ್ನು ಕರಗಿಸುತ್ತದೆ. ಲೇಪ ಹೊರಗಿನಿಂದ ಆರುತ್ತ ಆ ಉಪ್ಪುನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಹರಳು ಕಟ್ಟುವುದಿದ್ದರೆ ಕಲ್ಲಿನಲ್ಲಿ ಬೇಡ, ಲೇಪದಲ್ಲಿ ಕಟ್ಟಲಿ ಎಂಬುದು ಉಪಾಯ. ಗಾಳಿ ತಡೆಯಲು ಸೊಸೆ ದ್ರಾಕ್ಷಿ ಶೆಡ್ಡಿನ ಹಸಿರು ಬಲೆ ಕೊಟ್ಟಳು. ಬಾಗಿಲಿಗೆ ಅದನ್ನು ಎರಡು ಪದರ ಕಟ್ಟಿದೆವು.

ಮೊದಲ ಲೇಪವನ್ನು ಅಂಚಿನಿಂದ ಮೆಲ್ಲಗೆ ಬಿಡಿಸಿದೆ. ಅದು ಒಂದು ತುಂಡಾಗಿ ಬಂತು. ಅದರ ಒಳಮೈಗೆ ಹಸಿರು ಪುಡಿ ಅಂಟಿತ್ತು, ಕಲ್ಲಿನದು. ಅದರ ಚೂರೊಂದನ್ನು ಶುದ್ಧ ನೀರಿನಲ್ಲಿ ಕದಡಿ ಮೀಟರು ಅದ್ದಿದೆ. ಉಪ್ಪು ಎಷ್ಟಿತ್ತೆಂದರೆ ಮೀಟರು ಅಳೆಯುವ ಮಿತಿಯನ್ನೇ ದಾಟಿತ್ತು. ಎರಡನೆಯ ಲೇಪಕ್ಕೆ ಅಳತೆ ಸಿಕ್ಕಿತು. ಮೂರನೆಯದಕ್ಕೆ ಇಳಿಯಿತು.

ನಾಲ್ಕನೆಯ ಲೇಪ ಇದ್ದಾಗ ಮಧ್ಯಾಹ್ನ ಸುಳಿಗಾಳಿ ಎದ್ದು ಬಲೆಯ ಒಂದು ಮೂಲೆ ಹರಿಯಿತು. ನಾನು ಸಾರವಾಡದಲ್ಲಿದ್ದೆ. ಕಾಕಾ ತಮ್ಮ ಧೋತರದ ಅಂಚು ಒಡ್ಡಿ ಗಾಳಿಗೆ ಅಡ್ಡವಾಗಿ ನಿಂತೇ ಇದ್ದರಂತೆ, ಸೊಸೆ ಬಂದು ಬಲೆ ಕಟ್ಟುವ ತನಕ. ಆದರೂ ಮೂಲೆ ಬೇಗ ಆರಿ ಬಿರಿಯಿತು. ಲೇಪ ತೆಗೆಯುವಾಗ ಚಾಮರ ಹಿಡಿದ ಕೈ ಅದರ ಜೊತೆಗೇ ಬಂತು. ನಾನೇ ತೆಗೆದದ್ದು. ಕಾಕಾ ನನ್ನ ಅಂಗೈಯಲ್ಲಿದ್ದ ಆ ಸಣ್ಣ ಕೈಯನ್ನು ನೋಡಿದರು.

"ಇಬ್ರೂ ಇದ್ದೇವಲ್ರಿ" ಎಂದರು. ಸಮಾಧಾನಕ್ಕೆ ಹೇಳಿದರೋ, ನನ್ನ ಮಾತನ್ನು ನನಗೇ ನೆನಪು ಮಾಡಿದರೋ, ಗೊತ್ತಿಲ್ಲ. ಆ ಸಂಜೆ ಅವರು ಮೊದಲ ಸಲ ಮಗಳ ಹೆಸರು ಹೇಳಿ ಮಾತಾಡಿದರು. ಅವಳಿಗೆ ಹುಳಿ ದ್ರಾಕ್ಷಿಯೇ ಸೇರುತ್ತಿತ್ತು, ಹಣ್ಣಾಗುವ ತನಕ ಕಾಯುತ್ತಿರಲಿಲ್ಲ ಎಂದರು. ಅಷ್ಟೇ. ಮತ್ತೆ ತಿರುಳು ನಾದಲು ಕೂತರು.

ಬಿಸಿಲು ಬಲಿಯುವ ಹೊತ್ತಿಗೆ ಲೇಪದಲ್ಲಿನ ಉಪ್ಪಿನ ಅಳತೆ ಎಡಗಡೆಯ ಆರೋಗ್ಯವಂತ ಗೊಂಬೆಯ ಅಳತೆಗೆ ಹತ್ತಿರ ಬಂತು. ಅಷ್ಟರಲ್ಲಿ ಮಗ ಒಬ್ಬ ಶಿಲ್ಪಿಯನ್ನು ಕರೆತಂದ. ತಂಗಿಯ ಮದುವೆಯ ಫೋಟೋ ತಂದಿದ್ದ. ಅದನ್ನು ನೋಡಿ ಹೊಸ ಮುಖ ಕೆತ್ತಿಸಿ ಕೂಡಿಸೋಣ ಎಂದ. ಬಿದ್ದ ಚೂರುಗಳನ್ನು ಅಂಟಿಸಲು ನಾನು ಒಪ್ಪಿರಲಿಲ್ಲ. ಮುಖ ಪೂರಾ ಆಗುವಷ್ಟು ಚೂರು ಇರಲಿಲ್ಲ, ಇದ್ದವೂ ಉಪ್ಪಿನಿಂದ ಪುಡಿಯಾಗುತ್ತಿದ್ದವು. ಶಿಲ್ಪಿ ಒಳ್ಳೆಯ ಕೆಲಸಗಾರ. ಮೊದಲ ದಿನ ನಾನು ತೆಗೆದಿದ್ದ ಫೋಟೋಗಳನ್ನೂ ನೋಡಿ, ಇದ್ದ ಹಾಗೇ ಮಾಡಿಕೊಡುತ್ತೇನೆ ಎಂದ. ನಮ್ಮ ಕೆಲಸದ ನಿಯಮ ಅದನ್ನು ಒಪ್ಪುವುದಿಲ್ಲ. ಹೋದದ್ದನ್ನು ಊಹಿಸಿ ಹೊಸದು ಮಾಡಬಾರದು. ಆದರೆ ಆ ನಿಯಮವನ್ನು ಆ ತಂದೆಯ ಎದುರಿಗೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಅವರು ಹ್ಞೂಂ ಎಂದರೆ ಒಪ್ಪಿಕೊಂಡುಬಿಡುತ್ತಿದ್ದೆನೇನೋ.

ಕಾಕಾ ಫೋಟೋ ತಗೊಂಡು ನೋಡಿದರು. ಬಹಳ ಹೊತ್ತು ನೋಡಿದರು.

"ಕಲ್ಲು ಮೊದಲ ಇತ್ತು" ಎಂದರು ಮಗನಿಗೆ. "ಆಕಿ ಆಮ್ಯಾಲೆ ಹುಟ್ಟಿದಾಕಿ. ಆಕಿ ಕಲ್ಲಿನಂಗ ಇದ್ಳು, ಕಲ್ಲು ಆಕಿ ಹಂಗ ಇರಲಿಲ್ಲಪಾ. ಈಗ ಆಕಿನ್ನ ನೋಡಿ ಕೆತ್ತಿದ್ರ ಅದು ಆ ಗೊಂಬಿನೂ ಅಲ್ಲ, ನಿನ್ನ ತಂಗಿನೂ ಅಲ್ಲ."

"ಹಂಗಾರ ಹಿಂಗ ಬಿಡೂದೇನಪಾ? ಮಂದಿ ನೋಡಿ ಏನಂತಾರ?"

"ಉಪ್ಪ ತಿಂತು ಅಂತ ಹೇಳು."

ಶಿಲ್ಪಿಗೆ ಊಟ ಹಾಕಿಸಿ ಕಳಿಸಿದರು. ಫೋಟೋವನ್ನು ಮಗನಿಗೆ ವಾಪಸು ಕೊಡಲಿಲ್ಲ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು.

ಮುಂಗಾರಿನ ಮೋಡ ಕಾಣುವ ಮುಂಚೆ ಕೊನೆಯ ಲೇಪ ತೆಗೆದೆ. ಅಂಚುಗಳಲ್ಲಿ ಸಡಿಲವಿದ್ದ ಕಡೆ ಸಣ್ಣ ಬ್ರಷ್ಷಿನಿಂದ ಸುಣ್ಣದ ಗಾರೆ ತುಂಬಿ ನಿಲ್ಲಿಸಿದೆ. ಬಾಗಿಲ ಮೇಲೆ ಒಂದು ಕಲ್ಲಿನ ಚಪ್ಪಡಿ ಸರಿಸಿ, ಮಳೆನೀರು ಚೌಕಟ್ಟಿಗೆ ಇಳಿಯದಂತೆ ಮಾಡಿದೆ. ಲಿಂಗಕ್ಕೆ ಹಾಕುವ ನೀರು ಹೊರಗೆ ಹೋಗಲು ಬೇರೆ ದಾರಿ ಮಾಡಿಸಿದೆ. ಬಲೆ ಬಿಚ್ಚಿದಾಗ ಬೆಳಕು ಚೌಕಟ್ಟಿನ ಮೇಲೆ ಬಿತ್ತು. ಮುಖವಿಲ್ಲದ, ಒಂದು ಕೈಯಿಲ್ಲದ ಆ ಹೆಣ್ಣು ಕುತ್ತಿಗೆಯನ್ನು ಅದೇ ಓರೆಯಲ್ಲಿ ಹಿಡಿದು ನಿಂತಿದ್ದಳು.

ಕಾಕಾ ಪಕ್ಕದಲ್ಲಿ ಬಂದು ನಿಂತರು. ಕೊನೆಯ ಸೂಚನೆಗಳನ್ನು ಹೇಳಬೇಕಿತ್ತು. ಇನ್ನು ಇದಕ್ಕೆ ಯಾವ ನೀರೂ ಬೇಡ, ಬ್ಯಾಟರಿ ನೀರೂ ಬೇಡ. ಎಣ್ಣೆ ಬೇಡ, ಕುಂಕುಮ ಬೇಡ. ಧೂಳು ಕೂತರೆ ಕೂರಲಿ, ನಾನು ವರ್ಷಕ್ಕೊಮ್ಮೆ ಬಂದು ಮೆತ್ತನೆ ಬ್ರಷ್ಷಿನಿಂದ ತೆಗೆಯುತ್ತೇನೆ. ಅವರು ಒಂದೊಂದಕ್ಕೂ ಹ್ಞೂಂ ಎಂದರು.

"ಹಂಗಾರ ನನಗ ಕೆಲಸ ಇಲ್ಲ ಅಂದ್ರಿ."

"ಇಲ್ರಿ ಕಾಕಾ. ಏನೂ ಮಾಡದ ಇರೂದ ಕೆಲಸ."

ಅವರು ಗೊಂಬೆಯ ಕಡೆ ನೋಡಿ ಕೇಳಿದರು: "ಕೈಲೆ ಮುಟ್ಟಬಹುದೇನು ಯವ್ವಾ? ಒಣಾ ಕೈಲೆ."

ಮುಟ್ಟಬಾರದು. ಕಲ್ಲಿನ ಮೇಲ್ಮೈ ಇನ್ನೂ ಹಸಿಗೂಸಿನ ನೆತ್ತಿಯ ಹಾಗಿತ್ತು, ಬೆರಳು ತಾಗಿದರೆ ಕಣ ಏಳುತ್ತದೆ. ಅದನ್ನು ಹೇಳುವುದೇ ನನ್ನ ಕೆಲಸ. ಆದರೆ ನಾನು, "ಒಮ್ಮೆ ಮುಟ್ರಿ" ಎಂದೆ.

ಕಾಕಾ ಬಗ್ಗಿದರು. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಮುಂದೆ ಚಾಚಿದರು. ಗೊಂಬೆಯ ಹೆಗಲಿಗೆ ಒಂದು ಗೇಣು ಇರುವಾಗ ಕೈ ನಿಂತಿತು. ಹಾಗೇ ಹಿಡಿದು ನೋಡಿದರು. ಆಮೇಲೆ ಕೈ ಹಿಂದಕ್ಕೆ ತಗೊಂಡು ಎದೆಯ ಮೇಲೆ ಜೇಬಿನ ಹತ್ತಿರ ಇಟ್ಟುಕೊಂಡರು.

"ಬ್ಯಾಡ ಬಿಡ್ರಿ" ಎಂದರು. "ಇದ್ದದ್ದು ಇರಲಿ."